ಹೆಸರಿಡುವ ಮುನ್ನ ಒಮ್ಮೆ ಕೇಳೋಣ

ನಮ್ಮ ತರಗತಿಯಲ್ಲಿ ತುಂಬಾ ತೆಳ್ಳಗಿರುವ ಗೆಳೆಯನೊಬ್ಬನಿದ್ದಾನೆ. ಪ್ರಥಮ ಪಿಯುಸಿಯಲ್ಲಿ ಅವನಿಗೆ 'ಮಚ್ಛರ್' ಎಂದು ಹೆಸರಿಟ್ಟವನು ನಾನೇ. ಮನೆಮಾತು ಉರ್ದು ಆದ್ದರಿಂದ ಸೊಳ್ಳೆ ಎನ್ನಲು ನನ್ನ ಬಾಯಿಗೆ ಮೊದಲು ಬಂದ ಪದ ಅದು. ಈಗ ಜೂನಿಯರ್‌ಗಳಿಗೆ ಅವನ ನಿಜವಾದ ಹೆಸರೇ ಗೊತ್ತಿಲ್ಲ.

ಒಂದು ದಿನ ಲೈಬ್ರರಿಯ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ 'ಮಸ್ಕಿಟೊ' ಪದದ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ 'ಮುಸ್ಕಾ' ಎಂದರೆ ನೊಣ. ಸ್ಪ್ಯಾನಿಷ್‌ನಲ್ಲಿ ಅದು 'ಮೋಸ್ಕಾ' ಆಯಿತು, 'ಮೊಸ್ಕಿಟೊ' ಎಂದರೆ ಪುಟ್ಟ ನೊಣ. 'ಅಲಿಗೇಟರ್' ಕೂಡ ಸ್ಪ್ಯಾನಿಷ್‌ನ 'ಎಲ್ ಲಗಾರ್ತೊ', ಅಂದರೆ ಹಲ್ಲಿ! ಸೊಳ್ಳೆಗೂ ಮೊಸಳೆಗೂ ಇದರಿಂದ ಬೇಸರವೇನಿಲ್ಲ.

ಮನುಷ್ಯರ ವಿಷಯ ಹಾಗಲ್ಲ. 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ತಲುಪಿದ ಕೊಲಂಬಸ್, ತಾನು ಏಷ್ಯಾದ ಇಂಡೀಸ್‌ಗೆ ಬಂದೆ ಎಂದುಕೊಂಡ. ಅಲ್ಲಿನ ಜನ 'ಇಂಡಿಯೊ'ಗಳಾದರು. ತಪ್ಪು ಅವನದು, ಹೆಸರು ಹೊತ್ತವರು ಅವರು.

ಇನ್ನೊಂದು ಪದ 'ಮೋರೊ'. ವಾಯವ್ಯ ಆಫ್ರಿಕದ ಜನರನ್ನು ರೋಮನ್ನರು ಲ್ಯಾಟಿನ್‌ನಲ್ಲಿ 'ಮೌರುಸ್' ಎನ್ನುತ್ತಿದ್ದರು. ಸ್ಪೇನಿನವರ ಬಾಯಲ್ಲಿ ಅದು 'ಮೋರೊ' ಆಗಿ, ಮುಸ್ಲಿಮರಿಗೆ ಬಳಕೆಯಾಯಿತು. 16ನೇ ಶತಮಾನದಲ್ಲಿ ಫಿಲಿಪ್ಪೀನ್ಸ್‌ಗೆ ಹೋದಾಗ ಅಲ್ಲಿನ ಮುಸ್ಲಿಮರನ್ನೂ ಹಾಗೇ ಕರೆದರು. ಮರನಾವೊ, ತೌಸುಗ್, ಮಗಿಂದನಾವೊ ಎಂದು ಅವರಿಗೆ ಬೇರೆ ಬೇರೆ ಭಾಷೆ, ಬೇರೆ ಬೇರೆ ಹೆಸರುಗಳಿದ್ದವು. ಆಫ್ರಿಕ ಎಲ್ಲಿ, ಫಿಲಿಪ್ಪೀನ್ಸ್ ಎಲ್ಲಿ!

ಆದರೆ ಮುಂದೆ ಆ ಜನರೇ 'ಮೋರೊ' ಎಂಬ ಹೆಸರನ್ನು ಅಭಿಮಾನದಿಂದ ತಮ್ಮದಾಗಿಸಿಕೊಂಡರು. 2019ರಲ್ಲಿ ಸ್ಥಾಪನೆಯಾದ ಅವರ ಸ್ವಾಯತ್ತ ಪ್ರದೇಶದ ಹೆಸರೇ 'ಬಾಂಗ್ಸಾಮೋರೊ'.

"ನೋಡು, ಅವರೇ ಒಪ್ಪಿಕೊಂಡರಲ್ಲ, ನಿನ್ನ ಗೆಳೆಯನೂ ನಗುತ್ತಾನಲ್ಲ" ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೋರೊ ಜನ ಆ ಹೆಸರನ್ನು ತಾವಾಗಿ ಎತ್ತಿಕೊಂಡರು. ನನ್ನ ಗೆಳೆಯ ಏನನ್ನು ಎತ್ತಿಕೊಂಡ? ಕೊನೆಗೆ ಅವನನ್ನೇ ಕೇಳಿದೆ. "ಬೇಡ ಅಂದ್ರೆ ಇನ್ನೂ ಜಾಸ್ತಿ ಕರೀತೀರಿ ಅಂತ ಸುಮ್ಮನಿದ್ದೆ" ಎಂದ.

ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಹೀಯಾಳಿಸಬಾರದು ಎಂದು ಕುರ್‌ಆನ್‌ನ ಹುಜುರಾತ್ ಅಧ್ಯಾಯ ಹೇಳುತ್ತದೆ. ಚಿಕ್ಕಂದಿನಿಂದ ಕೇಳಿದ ಮಾತೇ. ನಾವು ಮಾಡುವುದು ಬರೀ ತಮಾಷೆ ಎಂದುಕೊಂಡು ಮರೆತಿದ್ದೆ.

ಅಕೌಂಟೆನ್ಸಿಯಲ್ಲಿ ತಪ್ಪು ಎಂಟ್ರಿ ಬಿದ್ದರೆ ಅದನ್ನು ಸರಿಪಡಿಸುವ ಕ್ರಮವಿದೆ. ನಾನು ಬರೆದ ತಪ್ಪನ್ನು ನಾನೇ ತಿದ್ದಬೇಕು. ಈಗ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೇನೆ. ಉಳಿದವರಲ್ಲೂ ಅದನ್ನೇ ಕೇಳಿಕೊಳ್ಳುತ್ತೇನೆ.