ಎರಡು ಶೇಂಗಾ ಗಿಡಗಳು



1994ರ ಮಳೆಗಾಲ. ಹಿರೇಕೆರೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕನಾಗಿದ್ದೆ. ಆಗ ಅದಿನ್ನೂ ಧಾರವಾಡ ಜಿಲ್ಲೆ. ಬೇರುಗಂಟಿನ ಪಾಠಕ್ಕೆಂದು ಶೇಂಗಾ ಗಿಡ ತರಲು ಹೇಳಿದ್ದೆ. ಒಬ್ಬ ಹುಡುಗ ಎರಡು ತಂದ. ಬಡಕಲು ಗಿಡದ ಬೇರಿನ ತುಂಬ ಗಂಟುಗಳು. ಸೊಂಪಾದ ಗಿಡದಲ್ಲಿ ಬೆರಳೆಣಿಕೆಯಷ್ಟು. "ಇದು ಯೂರಿಯಾ ಚೀಲ ಒಡೆದು ಚೆಲ್ಲಿದ್ದ ಮೂಲೆಯದು ಸರ್. ಇದಕ್ಕೇಕೆ ಗಂಟಿಲ್ಲ?" ಎಂದು ಕೇಳಿದ. ಪಠ್ಯದಲ್ಲಿ ಉತ್ತರವಿರಲಿಲ್ಲ. ರೋಗದ ಗಿಡವೆಂದು ಬಾಯಿ ಮುಚ್ಚಿಸಿದೆ. ಆತ ಚಿತ್ರದಲ್ಲಿಯೂ ಗಂಟಿಲ್ಲದ ಬೇರನ್ನೇ ಬಿಡಿಸಿದ್ದಕ್ಕೆ ಎರಡು ಅಂಕ ಕಳೆದೆ. ಗೊತ್ತಿಲ್ಲದಿದ್ದರೆ 'ನಾಳೆ ಹೇಳುತ್ತೇನೆ' ಎನ್ನಬೇಕೆಂದು ಬಿ.ಎಡ್.ನಲ್ಲಿ ಕಲಿತಿದ್ದೆನಾದರೂ ಅಂದು ನೆನಪಾಗಲಿಲ್ಲ.

ಉತ್ತರ ದೊರೆತದ್ದು ನಿವೃತ್ತಿಯ ಬಳಿಕ, ಮಗಳ ಎಂ.ಎಸ್ಸಿ. ಪುಸ್ತಕದಲ್ಲಿ. ಗಾಳಿಯ ಒಂದು ಸಾರಜನಕ ಅಣುವನ್ನು ಅಮೋನಿಯಾ ಮಾಡಲು ಸೂಕ್ಷ್ಮಾಣುವಿಗೆ ಕನಿಷ್ಠ 16 ಎಟಿಪಿ ಖರ್ಚು. ಇಷ್ಟು ದುಬಾರಿ ಕೆಲಸವನ್ನು ಅದು ಸುಮ್ಮನೆ ಮಾಡದು. ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಅಜೋಟೋಬ್ಯಾಕ್ಟರ್‌ನಂಥವು ತಮ್ಮೊಳಗಿನ ಗ್ಲುಟಮಿನ್ ಪ್ರಮಾಣದಿಂದ ಸಾರಜನಕದ ಸ್ಥಿತಿಯನ್ನು ಅರಿಯುತ್ತವೆ. ಈ ಲೆಕ್ಕ ನೋಡುವ ಕರಣಿಕ 'ಪಿ-ಟು' ಎಂಬ ಪುಟ್ಟ ಪ್ರೋಟೀನು; 1960ರ ದಶಕದ ಕೊನೆಯಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಅದು ಮೊದಲು ಕಂಡಿತು. ಗ್ಲುಟಮಿನ್ ಹೆಚ್ಚಿದ್ದರೆ ಸ್ಥಿರೀಕರಣದ ವಂಶವಾಹಿಗಳು ಮುಚ್ಚಿಕೊಳ್ಳುತ್ತವೆ, ಕಡಿಮೆಯಾದರೆ ತೆರೆಯುತ್ತವೆ. ಶೇಂಗಾದ ಕಥೆ ತುಸು ಬೇರೆ. ಅಲ್ಲಿ ತೀರ್ಪು ಬಹುಪಾಲು ಗಿಡದ್ದೇ. ಮಣ್ಣಿನಲ್ಲಿ ನೈಟ್ರೇಟ್ ಯಥೇಚ್ಛವಾಗಿದ್ದರೆ ರೈಜೋಬಿಯಂ ಎಂಬ ಅತಿಥಿಗೆ ಸಕ್ಕರೆ ಉಣಿಸುವ ಗೊಡವೆಗೇ ಅದು ಹೋಗದು. ಹೊಸ ಗಂಟು ಕಟ್ಟುವುದನ್ನು ತಗ್ಗಿಸುತ್ತದೆ. ಹುಡುಗನ ಗಿಡಕ್ಕೆ ರೋಗವಿರಲಿಲ್ಲ.

ಇದನ್ನೆಲ್ಲ ಏಕೆ ಬರೆಯುತ್ತಿದ್ದೇನೆಂದರೆ, ಹಾನಗಲ್ಲಿನ ಭತ್ತ, ಸವಣೂರಿನ ಎಲೆತೋಟ, ಶಿಗ್ಗಾಂವಿ–ಹಿರೇಕೆರೂರಿನ ಗೋವಿನಜೋಳ, ಎಲ್ಲ ಕಡೆಯೂ ಮುಂಗಾರಿನಲ್ಲಿ ಯೂರಿಯಾದ್ದೇ ಮಾತು. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ನಡೆದು ಜೀವಹಾನಿಯಾದುದನ್ನು ನಾವ್ಯಾರೂ ಮರೆತಿಲ್ಲ. ಹಾಗಾಗಿ 'ಯೂರಿಯಾ ಬಿಡಿ' ಎಂದು ಪಟ್ಟಣದಲ್ಲಿ ಕುಳಿತು ಉಪದೇಶಿಸುವವರ ಬಗ್ಗೆ ನನಗೆ ಸಹನೆಯಿಲ್ಲ. ಗೋವಿನಜೋಳಕ್ಕೆ ಬೇರುಗಂಟಿಲ್ಲ, ಅದಕ್ಕೆ ಸಾರಜನಕ ಹೊರಗಿನಿಂದಲೇ ಬರಬೇಕು.

ಆದರೆ ಶೇಂಗಾ, ಹೆಸರು, ಅಲಸಂದಿಗೂ ನೆರೆಹೊಲದವರನ್ನು ನೋಡಿ ಚೀಲ ಸುರಿಯುವುದೇಕೆ? 45 ಕಿಲೋ ಚೀಲದಲ್ಲಿ 20 ಕಿಲೋಗೂ ಮಿಗಿಲಾದ ಸಾರಜನಕವಿದೆ. ಬಿತ್ತುವಾಗ ಅಲ್ಪ ಪ್ರಮಾಣ ಸರಿ. ಮೇಲೆ ಸುರಿದದ್ದು ಪುಕ್ಕಟೆ ದುಡಿಯಬಹುದಾದ ಗಂಟುಗಳನ್ನು ಕೆಲಸದಿಂದ ಬಿಡಿಸುತ್ತದೆ, ಉಳಿದದ್ದು ನೀರಿನೊಂದಿಗೆ ಇಳಿದುಹೋಗುತ್ತದೆ. ದುಡ್ಡು ಕೊಟ್ಟು ಆಳನ್ನು ಸೋಮಾರಿಯಾಗಿಸುವ ವ್ಯವಹಾರವಿದು. ಗೋವಿನಜೋಳದ ನಡುವೆ ಹಿರಿಯರಂತೆ ಕಾಳಿನ ಅಕ್ಕಡಿ ಸಾಲು ಹಾಕಬೇಕು, ಚೀಲದ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಶಾಲೆಯಲ್ಲಿಯೂ ಬೇರುಗಂಟಿನ ಚಿತ್ರದ ಪಕ್ಕದಲ್ಲಿ ಗಂಟಿಲ್ಲದ ಬೇರಿನ ಚಿತ್ರವಿರಲಿ.

ಆ ಹುಡುಗನಿಗೆ ಈಗ ನಲವತ್ತೈದು ದಾಟಿರಬೇಕು. ಇದನ್ನು ಓದುತ್ತಿದ್ದರೆ ತಿಳಿಸಪ್ಪ, ಆ ಎರಡು ಅಂಕ ನಿನ್ನವೇ. ನಿನ್ನ ಹೊಲದಲ್ಲಿ ಈ ವರ್ಷ ಏನು ಬಿತ್ತಿದ್ದೀಯೆಂದೂ ಬರೆ.