ಕಂಪ್ಯೂಟರ್ ಬಂತು, ಕಲಿಸೋರು ಯಾರು?

ಶಾಲೆಗೆ ಡಿಜಿಟಲ್ ಗ್ರಂಥಾಲಯ ಅಂದಕೂಡಲೇ ನಮ್ಮಲ್ಲಿ ನೆನಪಾಗುವುದು ಖರೀದಿ. ಕಂಪ್ಯೂಟರ್, ಸ್ಕ್ಯಾನರ್, ಟೆಂಡರು, ಬಿಲ್ಲು, ಉದ್ಘಾಟನೆಯ ಟೇಪು. ಅದನ್ನು ದಿನಾ ನಡೆಸಬೇಕಾದ ಮನುಷ್ಯ ನೆನಪಾಗುವುದು ಕೊನೆಗೆ, ಅದೂ ನೆನಪಾದರೆ.

ಆ ಮನುಷ್ಯ ಯಾರು? ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರನ್ನು ದೀಪ ಹಿಡಿದು ಹುಡುಕಬೇಕು. ಕನ್ನಡ ಮೇಷ್ಟ್ರೋ ಡ್ರಿಲ್ ಮೇಷ್ಟ್ರೋ ಬೀರುವಿನ ಕೀಲಿಕೈ ಇಟ್ಟುಕೊಂಡಿರುತ್ತಾರೆ. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿದಾರೆಂಬ ಭಯಕ್ಕೆ ಬೀರು ತೆಗೆಯುವುದೇ ಅಪರೂಪ. ನಾಳೆ ಕಂಪ್ಯೂಟರಿಗೂ ಅದೇ ಬೀಗ ಬೀಳುತ್ತದೆ. ಒಂದು ಪುಸ್ತಕಕ್ಕಾಗಿ ಹಳ್ಳಿ ಹುಡುಗಿ ಎರಡು ಬಸ್ಸು ಬದಲಿಸಿ ಜಿಲ್ಲಾ ಗ್ರಂಥಾಲಯಕ್ಕೆ ಬರುವುದು ತಪ್ಪುವುದಿಲ್ಲ. ಮೇಷ್ಟ್ರನ್ನು ಬೈದು ಫಲವಿಲ್ಲ; ಅವರಿಗೆ ಹೇಳಿಕೊಟ್ಟವರು ಯಾರು?

ಗೋಡೌನು ತುಂಬ ಸರಕಿದ್ದೂ ಯಾವ ಮೂಟೆಯಲ್ಲಿ ಏನಿದೆಯೆಂಬ ಸ್ಟಾಕು ಪುಸ್ತಕ ಇಲ್ಲದಿದ್ದರೆ ವ್ಯಾಪಾರ ಎಷ್ಟು ದಿನ ನಡೆದೀತೆಂದು ಅಂಗಡಿಯವರಿಗೆ ಹೇಳಬೇಕಿಲ್ಲ. ಸ್ಕ್ಯಾನ್ ಮಾಡಿದ ಪುಟಗಳದ್ದೂ ಅದೇ ಕತೆ. ಹೆಸರು, ಲೇಖಕ, ವರ್ಷ, ವಿಷಯ ದಾಖಲಾಗದಿದ್ದರೆ ಅವು ಬರೀ ಚಿತ್ರ. ದಾಖಲಿಸುವುದೂ ಎಲ್ಲ ಯಂತ್ರಗಳಿಗೆ ಒಂದೇ ರೀತಿ ತಿಳಿಯುವ ಯೂನಿಕೋಡಿನಲ್ಲೇ ಆಗಬೇಕು. ಕನ್ನಡ ಅಕ್ಷರಗಳು ಅದಕ್ಕೆ ಸೇರಿದ್ದು 1991ರಲ್ಲಿ; ಹಳೆಯ ಫಾಂಟಿನಲ್ಲಿ ಟೈಪು ಮಾಡುವ ರೂಢಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹಾಗೆ ಟೈಪು ಮಾಡಿಟ್ಟರೆ, ಹುಡುಗರು ‘ಕಾರಂತ’ ಎಂದು ಹುಡುಕಿದಾಗ ಪುಸ್ತಕ ಬೀರುವಿನಲ್ಲೇ ಇದ್ದರೂ ಯಂತ್ರ ‘ಇಲ್ಲ’ ಅನ್ನುತ್ತದೆ!

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ತಮ್ಮ ಕಾಲದಲ್ಲೇ ಅಚ್ಚು ಹಾಕಿಸಿದ ಪುಸ್ತಕಗಳಿಗೆ ಅಡ್ಡಿಯಿಲ್ಲ. 1994ರಲ್ಲಿ ತೀರಿಕೊಂಡ ಕುವೆಂಪು, 1997ರಲ್ಲಿ ತೀರಿಕೊಂಡ ಕಾರಂತರ ಪುಸ್ತಕಗಳನ್ನು ಅನುಮತಿಯಿಲ್ಲದೆ ಸ್ಕ್ಯಾನ್ ಮಾಡಿ ಊರಿಗೆಲ್ಲ ಹಂಚುವ ಹಾಗಿಲ್ಲ. ಇದು ಗೊತ್ತಿಲ್ಲದೆ ಉತ್ಸಾಹಕ್ಕೆ ಕೈ ಹಾಕಿದ ಮೇಷ್ಟ್ರಿಗೆ ನೋಟೀಸು ಬಂದರೆ ಇಲಾಖೆ ಬೆನ್ನಿಗೆ ನಿಲ್ಲುತ್ತದೆಯೆ?

ದುಡ್ಡಿಲ್ಲವೆಂಬ ಹಳೇ ರಾಗ ಇಲ್ಲಿ ನಡೆಯದು. ಪುಸ್ತಕದ ಲೆಕ್ಕ ಇಡಲು ನ್ಯೂಜಿಲೆಂಡಿನ ಸಣ್ಣದೊಂದು ಗ್ರಂಥಾಲಯ 2000ದಲ್ಲಿ ಬಳಕೆಗೆ ತಂದ ‘ಕೋಹಾ’ ತಂತ್ರಾಂಶ ಇಂದಿಗೂ ಪುಕ್ಕಟೆ. ಸ್ಕ್ಯಾನ್ ಮಾಡಿದ್ದನ್ನು ಜೋಡಿಸಿಡುವ, ಅದೇ ದೇಶದ ‘ಗ್ರೀನ್‌ಸ್ಟೋನ್’ ಕೂಡ ಪುಕ್ಕಟೆ. ಕಲಿಸುವವರಿಗೂ ಬರವಿಲ್ಲ, ರಂಗನಾಥನ್ 1962ರಲ್ಲಿ ಕಟ್ಟಿದ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ.

ಆದರೆ ಎರಡು ದಿನದ ಭಾಷಣ, ಚಹಾ, ಗ್ರೂಪ್ ಫೋಟೋ, ಇದನ್ನು ತರಬೇತಿ ಅನ್ನಬೇಡಿ. ಮೇಷ್ಟ್ರು ತಮ್ಮ ಶಾಲೆಯದೇ ಐವತ್ತು ಪುಸ್ತಕ ತಂದು, ತಾವೇ ದಾಖಲಿಸಿ, ಕರೆಂಟು ಹೋದಾಗ ಏನು ಮಾಡಬೇಕೆಂದೂ ಕಲಿತು ಹೋಗಲಿ. ರಜೆಯಲ್ಲಿ ಕರೆದರೆ ಗಳಿಕೆ ರಜೆ ಕೊಡಿ. ವಾರಕ್ಕೆ ಎರಡು ಪೀರಿಯಡ್ ಈ ಕೆಲಸಕ್ಕೇ ಬಿಡಿ. ವರ್ಗವಾಗಿ ಹೋಗುವವರು ಕೀಲಿಕೈ ಜತೆಗೆ ಪಾಸ್‌ವರ್ಡನ್ನೂ ಚಾರ್ಜ್ ಕೊಟ್ಟು, ಮುಂದಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ ಹೋಗಬೇಕೆಂದು ಜಿಲ್ಲೆಯ ಉಪನಿರ್ದೇಶಕರು ಸುತ್ತೋಲೆ ಹೊರಡಿಸಲಿ.