ರಾಯಚೂರಿನ ಕೋಟೆ: ಅದು ಯಾರ ಗಡಿ?

ಎರಡು ಬೇರೆ ಬೇರೆ ನುಡಿಗಳ ನಡುವೆ ಗಡಿಯೊಂದಿರುವದು ಸಹಜವಾದ ಮಾತು. ಆದರೆ ಒಂದೇ ನುಡಿಯನ್ನಾಡುವ ಜನರ ನಡುವೆಯೇ ಗಡಿಯನ್ನೆಳೆದು, ಅದರ ಮೇಲೆ ಕೋಟೆಯನ್ನು ಕಟ್ಟಿ, ಶತಮಾನಗಳವರೆಗೆ ರಕ್ತವನ್ನು ಸುರಿಸಿದರೆ ಆ ಜನರ ಗತಿ ಏನಾಗುವದೆಂಬುದನ್ನು ಅರಿಯಬೇಕಾದವರು ರಾಯಚೂರಿನ ಕೋಟೆಯ ಚರಿತ್ರೆಯನ್ನು ಓದಬೇಕು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಭೂಮಿಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಈ ನಾಡಿನಲ್ಲಿ ಒಂಟಿಬೆಟ್ಟವನ್ನು ಆಶ್ರಯಿಸಿ ನಿಂತಿರುವ ಈ ಕೋಟೆಯನ್ನು 1294 ರಲ್ಲಿ ಓರಂಗಲ್ಲಿನ ಕಾಕತೀಯರ ಸಾಮಂತನೊಬ್ಬನ ಸೇನಾನಿಯಾದ ವಿಠಲನಾಥನು ಕಟ್ಟಿಸಿದನು. ಈ ಸಂಗತಿಯನ್ನು ಸಾರುವ ಶಾಸನವು ಗೋಡೆಯಲ್ಲಿ ಕೂಡ್ರಿಸಿರುವ, 41 ಅಡಿಗಿಂತಲೂ ಉದ್ದವಾದ ಒಂದೇ ಕಲ್ಲಿನ ಮೇಲಿದೆ. ಅಂಥ ಕಲ್ಲನ್ನು ಗಾಡಿಯ ಮೇಲೇರಿಸಿ ಕೋಣಗಳಿಂದ ಎಳೆಯಿಸಿ ತಂದ ಬಗೆಯನ್ನು ಗೋಡೆಯ ಮೇಲೆಯೇ ಚಿತ್ರವಾಗಿ ಕೊರೆದಿರುವರು. ಒಳಸುತ್ತಿನ ಗೋಡೆಯಾದರೋ ಗಾರೆಯ ಹಂಗಿಲ್ಲದೆ, ಕೆತ್ತಿದ ಹೆಬ್ಬಂಡೆಗಳನ್ನು ಒಂದಕ್ಕೊಂದು ಹೊಂದಿಸಿ ನಿಲ್ಲಿಸಿದ್ದು. ಹೊರಸುತ್ತಿನ ಗೋಡೆಯೂ ಕಂದಕವೂ ಅನಂತರದ ಸುಲ್ತಾನರ ಕಾಲದವು. ಹೀಗೆ ಕಟ್ಟಿದವರೊಬ್ಬರು, ಬಲಪಡಿಸಿದವರು ಮತ್ತೊಬ್ಬರು. ಕಾದಾಡಿ ಗೆದ್ದವರು, ಸೋತವರು ಅನೇಕರು.

1336 ರಲ್ಲಿ ವಿಜಯನಗರವೂ 1347 ರಲ್ಲಿ ಬಹಮನಿ ರಾಜ್ಯವೂ ತಲೆಯೆತ್ತಿದವು. ಅಂದಿನಿಂದ ಎರಡು ಶತಮಾನಗಳಿಗೂ ಮಿಕ್ಕಿ ಎಡೆದೊರೆನಾಡು ರಣಾಂಗಣವಾಯಿತು. ಈ ಯುದ್ಧಗಳಲ್ಲೆಲ್ಲ ಮಿಗಿಲಾದುದು 1520 ರ ಯುದ್ಧ. ಕೋಟೆಯನ್ನು ಮುತ್ತಿದ ಕೃಷ್ಣದೇವರಾಯನನ್ನು ಎದುರಿಸಲು ಇಸ್ಮಾಯಿಲ್ ಆದಿಲಶಹನು ಕೃಷ್ಣೆಯನ್ನು ದಾಟಿ ಬಂದು, ಸೋತು ಹಿಂದಿರುಗಿದನು. ಅನಂತರ ನಡೆದ ಮುತ್ತಿಗೆಯನ್ನು ಪೋರ್ತುಗೀಜ ಲೇಖಕನಾದ ನೂನಿಜನು ವಿವರವಾಗಿ ಬರೆದಿಟ್ಟಿದ್ದಾನೆ. ಹಾರೆ ಗುದ್ದಲಿಗಳನ್ನು ಹಿಡಿದು ಗೋಡೆಗೆ ನುಗ್ಗಿದ ಕಾಲಾಳುಗಳಿಗೆ, ಅವರು ಕಿತ್ತು ತಂದ ಕಲ್ಲಿನ ಗಾತ್ರವನ್ನು ನೋಡಿ ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಿದ್ದರಂತೆ! ಕ್ರಿಸ್ತೋವಾವ್ ದ ಫಿಗೇರೆದೊ ಎಂಬ ಪೋರ್ತುಗೀಜನ ಬಂದೂಕುಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರು. ಹೊರಗಿಣಿಕಿ ನೋಡಿದ ಕಿಲ್ಲೇದಾರನು ಹಣೆಗೆ ಗುಂಡು ತಗಲಿ ಸತ್ತನು, ಕೋಟೆ ಶರಣಾಯಿತು. ಹೀಗೆ ಗೆದ್ದ ಕೋಟೆಯು 1565 ರ ರಕ್ಕಸಗಿ-ತಂಗಡಗಿಯ ಯುದ್ಧದ ಬಳಿಕ ಮತ್ತೆ ಬಿಜಾಪುರದವರ ಪಾಲಾಯಿತು.

ಈಗ ವಾಚಕರು ಒಂದು ಕ್ಷಣ ವಿಚಾರಿಸಬೇಕು. ವಿಜಯನಗರವಿದ್ದುದು ಯಾವ ನೆಲದಲ್ಲಿ? ಕನ್ನಡ ನೆಲದಲ್ಲಿ. ಬಹಮನಿಗಳ ಮೊದಲ ರಾಜಧಾನಿಯಾದ ಕಲಬುರ್ಗಿ? ಅದೂ ಕನ್ನಡ ನೆಲ. ಆದಿಲಶಾಹಿಯ ಬಿಜಾಪುರ? ಅದೂ ಕನ್ನಡ ನೆಲವೇ! ಸಿಂಹಾಸನಗಳು ಎರಡಾದುವೇ ಹೊರತು ನೆಲವು ಎರಡಾಗಿರಲಿಲ್ಲ. ಕೋಟೆಯ ಆಚೆಗೂ ಕನ್ನಡ, ಈಚೆಗೂ ಕನ್ನಡ. ದಂಡು ಬಂದಾಗ ಬೆಳೆಯನ್ನು ಕಳೆದುಕೊಂಡವನು ಕೃಷ್ಣೆಯ ದಂಡೆಯವನಾದರೂ ತುಂಗಭದ್ರೆಯ ದಂಡೆಯವನಾದರೂ ಒಂದೇ ನುಡಿಯಲ್ಲಿ ಅತ್ತನು. ರಾಯಚೂರು ಅರಸರ ಗಡಿಯಾಗಿತ್ತು, ಕನ್ನಡಿಗರ ಗಡಿಯಾಗಿರಲಿಲ್ಲ.

ಅರಸರ ಕಾಲವು ಮುಗಿದ ಮೇಲಾದರೂ ಗಡಿ ಅಳಿಯಿತೇ? ಇಲ್ಲ. 1800 ರಲ್ಲಿ ನಿಜಾಮನು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. 1853 ರಲ್ಲಿ ರಾಯಚೂರು ಸೀಮೆಯೂ ಇಂಗ್ಲಿಷರ ವಶಕ್ಕೆ ಹೋಗಿ, 1860 ರಲ್ಲಿ ಮರಳಿ ನಿಜಾಮನ ಕೈಸೇರಿತು. ಕನ್ನಡ ಜನರನ್ನು ಒಂದು ಮಾತೂ ಕೇಳದೆ, ಅಡವಿಟ್ಟ ಪಾತ್ರೆಯಂತೆ ಅವರ ಊರುಗಳನ್ನು ಕೊಟ್ಟು ಕೊಳ್ಳುತ್ತಿದ್ದ ಕಾಲವದು! ಬಳ್ಳಾರಿ ಮದ್ರಾಸಿಗೆ, ಧಾರವಾಡ ಮುಂಬಯಿಗೆ, ರಾಯಚೂರು ಹೈದರಾಬಾದಿಗೆ ಸೇರಿದ್ದವು.

ಆದರೆ ಕಲ್ಲಿನ ಕೋಟೆ ಕೈಯಿಂದ ಕೈಗೆ ಹೋಗುತ್ತಿದ್ದಾಗಲೂ ನುಡಿಯ ಕೋಟೆ ಅಲುಗಲಿಲ್ಲವೆಂಬುದು ಅಭಿಮಾನದ ಸಂಗತಿ. ಮೊಗಲರ, ನಿಜಾಮರ ಆಳಿಕೆಯ ಅದೇ ಹದಿನೆಂಟನೆಯ ಶತಮಾನದಲ್ಲಿ ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ಇದೇ ಎಡೆದೊರೆಯಲ್ಲಿ ಕನ್ನಡದಲ್ಲಿ ಹಾಡಿದರು. ಅವರ ಪದಗಳು ಯಾವ ಸುಂಕದ ಕಟ್ಟೆಯಲ್ಲಿಯೂ ನಿಲ್ಲದೆ ನಾಡನ್ನೆಲ್ಲ ಸಂಚರಿಸಿದವು. ಕಚೇರಿಯ ಭಾಷೆ ಉರ್ದುವಾಗಿದ್ದ ಕಾಲದಲ್ಲಿ, 1934 ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ರಾಯಚೂರಿನಲ್ಲಿಯೇ ನೆರೆಯಿತು. ಪಶ್ಚಿಮ ಕರಾವಳಿಯ ಕವಿಯು ನಿಜಾಮನ ಸೀಮೆಯ ಸಭೆಗೆ ಅಧ್ಯಕ್ಷನಾಗಿ ಬಂದುದು ಏಕೀಕರಣಕ್ಕೆ ಇಪ್ಪತ್ತೆರಡು ವರ್ಷ ಮುಂಚೆಯೇ ನಡೆದ ಏಕೀಕರಣವಲ್ಲದೆ ಮತ್ತೇನು?

1948 ರ ಸೆಪ್ಟೆಂಬರದಲ್ಲಿ ನಿಜಾಮಶಾಹಿ ಮುಗಿಯಿತು. 1956 ರ ನವೆಂಬರ 1 ರಂದು ರಾಯಚೂರು ತಾಯಿನಾಡನ್ನು ಸೇರಿತು. ನಕಾಶೆಯ ಮೇಲಿನ ಗಡಿಯೇನೋ ಅಳಿಯಿತು, ಮನಸ್ಸಿನೊಳಗಿನದು ಅಳಿಯಿತೇ? 2002 ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳೆಂದು ಗುರುತಿಸಿತು. ಅವುಗಳಲ್ಲಿ 21 ಕಲಬುರ್ಗಿ ವಿಭಾಗದವು. 2012 ರಲ್ಲಿ ಸಂವಿಧಾನಕ್ಕೆ 371 ಜೆ ವಿಧಿಯನ್ನು ಸೇರಿಸಿ ಈ ಸೀಮೆಯವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲನ್ನು ಕೊಡಬೇಕಾಗಿ ಬಂದಿತು. ಹೆಸರನ್ನು ಕಲ್ಯಾಣ ಕರ್ನಾಟಕವೆಂದು ಬದಲಿಸಿದ್ದೂ ಆಯಿತು. ಆದರೆ ರಾಯಚೂರಿಗೆ ವರ್ಗವಾದರೆ ಶಿಕ್ಷೆಯಾಯಿತೆಂದು ಮುಖ ಬಾಡಿಸುವ ಅಧಿಕಾರಿಯ ಮನಸ್ಸಿನಲ್ಲಿ ಇಂದಿಗೂ ಎಡೆದೊರೆಯು ಗಡಿಯಾಗಿಯೇ ಉಳಿದಿದೆ. ಶಾಸನವು ಮೀಸಲನ್ನು ಕೊಡಬಲ್ಲದು, ಮಮತೆಯನ್ನು ಕೊಡಲಾರದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮೈಸೂರು, ಮಂಗಳೂರು, ಧಾರವಾಡಗಳ ಶಾಲೆಗಳ ಪ್ರವಾಸವು ಹಂಪೆಯಲ್ಲಿಯೇ ಮುಗಿಯದಿರಲಿ. ಹೊಳೆಯನ್ನು ದಾಟಿ ರಾಯಚೂರಿಗೂ ಬರಲಿ. ಆ ನೀಳವಾದ ಕಲ್ಲನ್ನು ಮಕ್ಕಳಿಗೆ ತೋರಿಸಿರಿ. ಅದನ್ನು ಎಳೆದುದು ಒಂದೆರಡು ಕೋಣಗಳಲ್ಲ, ಒಟ್ಟಿಗೆ ಹೂಡಿದ ಸಾಲು ಸಾಲು ಕೋಣಗಳೆಂಬುದನ್ನು ಅವರು ನೋಡಲಿ. ನಾಡೆಂಬ ಬಂಡೆಯೂ ಹಾಗೆಯೇ. ಎಲ್ಲ ಸೀಮೆಯವರೂ ಒಂದೇ ನೊಗಕ್ಕೆ ಹೆಗಲು ಕೊಟ್ಟಲ್ಲದೆ ಅದು ಕದಲುವದಿಲ್ಲ.